ರೆಕಾರ್ಡ್ ಚಟಪಟ ಅಂತಿದೆಯಾ? ಒರೆಸುವ ಮೊದಲು ಕೇಳಿ ನೋಡಿ

ಎಲ್‌ಪಿ (ವಿನೈಲ್ ಗ್ರಾಮಫೋನ್ ತಟ್ಟೆ) ಹಾಕಿದ ಕೂಡಲೇ ಚಟಪಟ ಶುರುವಾದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಬಟ್ಟೆಗೆ. ಧೂಳು ಕೂತಿರಬೇಕು, ಒರೆಸಿದರೆ ಹೋಯ್ತು ಅನ್ನುವ ಲೆಕ್ಕ. ದಯವಿಟ್ಟು ಸ್ವಲ್ಪ ತಡೆಯಿರಿ. ಆ ಸದ್ದು ಧೂಳಿನದೇ ಆಗಿರಬೇಕು ಅಂತೇನಿಲ್ಲ. ಗೀರು, ಸ್ಟ್ಯಾಟಿಕ್ (ಉಜ್ಜಿದಾಗ ಏರುವ ವಿದ್ಯುತ್), ಸೂಜಿಗೆ ಸುತ್ತಿಕೊಂಡ ನಾರು, ಸವೆದ ಗ್ರೂವ್ (ಸೂಜಿ ಓಡುವ ಸಣ್ಣ ಸೀಳು), ಆಂಪ್ಲಿಫೈಯರಿನ ಹಳೇ ನಾಬ್, ಎಲ್ಲವೂ ಮೊದಲ ಸಲ ಒಂದೇ ಥರ ಕೇಳಿಸುತ್ತವೆ. ಧೂಳೇ ಆಗಿದ್ದರೂ ಒಣ ಬಟ್ಟೆಯಲ್ಲಿ ಉಜ್ಜಿದರೆ ಮೇಲಿನದು ಮಾತ್ರ ಹೋಗುತ್ತದೆ. ಉಳಿದದ್ದು ಗ್ರೂವ್‌ನ ಒಳಗೆ ಇಳಿದು ಕೂರುತ್ತದೆ. ಜೊತೆಗೆ ಉಜ್ಜಿದ್ದರಿಂದ ತಟ್ಟೆಗೆ ಸ್ಟ್ಯಾಟಿಕ್ ಏರಿ, ಗಾಳಿಯಲ್ಲಿದ್ದ ಧೂಳನ್ನೂ ಅದು ಎಳೆದುಕೊಳ್ಳುತ್ತದೆ.

ಎಷ್ಟು ಸಣ್ಣ ಜಾಗದ ವಿಷಯ ಇದು ಅನ್ನುವುದು ಗೊತ್ತಿದ್ದರೆ ಕೈ ತಾನಾಗಿ ನಿಧಾನವಾಗುತ್ತದೆ. ಎಲ್‌ಪಿಯ ಗ್ರೂವ್ ಅಗಲ ಸುಮಾರು 0.05 ಮಿಲಿಮೀಟರ್. ತಲೆಕೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ ಇರುತ್ತದೆ. ಆ ಸೀಳಿನ ಎರಡು ಗೋಡೆಗಳ ಮೇಲೆ ಸೂಜಿ ಕೂತು ಓಡುತ್ತದೆ. 20 ನಿಮಿಷದ ಒಂದು ಸೈಡ್ ಮುಗಿಯುವಷ್ಟರಲ್ಲಿ ಅದು 400 ಮೀಟರಿಗೂ ಜಾಸ್ತಿ ದೂರ ಹೋಗಿರುತ್ತದೆ. ದಾರಿಯಲ್ಲಿ ಸಿಕ್ಕ ಕಣಗಳಲ್ಲಿ ಕೆಲವನ್ನು ಪೊರಕೆಯ ಹಾಗೆ ಗುಡಿಸಿಕೊಂಡು ಹೋಗುತ್ತದೆ, ಕೆಲವನ್ನು ಗೋಡೆಗೆ ಅರೆದು ಹಾಕುತ್ತದೆ. ಸೂಜಿಯ ಮೇಲಿನ ಭಾರ ಬರೀ 2 ಗ್ರಾಂ ಇರಬಹುದು. ಆದರೆ ಅದು ಬೀಳುವ ಜಾಗ ತೀರ ಚಿಕ್ಕದು, ಹಾಗಾಗಿ ಒತ್ತಡ ಬಹಳ. ಧೂಳಿರುವ ತಟ್ಟೆಯನ್ನು "ಆಮೇಲೆ ಒರೆಸೋಣ" ಅಂತ ನುಡಿಸಬಾರದು ಅನ್ನುವುದು ಇದಕ್ಕೇ.

ಮೊದಲು ಸದ್ದಿನ ಲೆಕ್ಕ ಹಿಡಿಯಿರಿ

ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಟ್ಟೆ ಒಂದು ಸುತ್ತು ಬರಲು 1.8 ಸೆಕೆಂಡ್ ಬೇಕು. ಈ ಒಂದು ಅಂಕಿ ಅರ್ಧ ಪತ್ತೆದಾರಿ ಮಾಡಿಕೊಡುತ್ತದೆ. ಟಕ್, ಟಕ್ ಅಂತ ಸದ್ದು ಬರುತ್ತಿದ್ದರೆ ಫೋನಿನ ಸ್ಟಾಪ್‌ವಾಚ್ ಹಾಕಿ. ಒಂದು ಟಕ್‌ಗೆ ಶುರು ಮಾಡಿ, ಅದಾದ ಮೇಲೆ ಹತ್ತು ಟಕ್ ಎಣಿಸಿ. 18 ಸೆಕೆಂಡ್ ಆಯಿತಾ? ಹಾಗಾದರೆ ತಟ್ಟೆಯ ಒಂದೇ ಜಾಗದಲ್ಲಿ ಏನೋ ಇದೆ. 45ರ ತಟ್ಟೆಯಾದರೆ ಹತ್ತಕ್ಕೆ 13 ಸೆಕೆಂಡ್ ಚಿಲ್ಲರೆ, 78ರದ್ದಾದರೆ 8ಕ್ಕಿಂತ ಸ್ವಲ್ಪ ಕಮ್ಮಿ.

ಹೀಗೆ ತಾಳಕ್ಕೆ ಸರಿಯಾಗಿ ಬರುವ ಸದ್ದು ಸಾಮಾನ್ಯವಾಗಿ ಗೀರಿನದು. ಇಲ್ಲದಿದ್ದರೆ ಅಂಟಿಕೊಂಡ ಗಟ್ಟಿ ಕೊಳೆಯದು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎರಡೂ ಸರಿಯಾಗಿ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ತಟ್ಟೆಯ ಮಟ್ಟಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಡಿ. ಗೀರು ಗ್ರೂವ್‌ಗಳಿಗೆ ಅಡ್ಡವಾಗಿ ಬಿಳಿ ಗೆರೆಯಾಗಿ ಮಿಂಚುತ್ತದೆ. ಕೊಳೆ ಚುಕ್ಕೆಯಾಗಿ ಎದ್ದು ಕಾಣುತ್ತದೆ, ಅದಕ್ಕೊಂದು ಪುಟ್ಟ ನೆರಳೂ ಇರುತ್ತದೆ. ಕೊಳೆಯಾದರೆ ಅದೃಷ್ಟ. ಅದರ ಮೇಲೆ ಡಿಸ್ಟಿಲ್ಡ್ ನೀರಿನ ಒಂದು ಹನಿ ಬಿಟ್ಟು, ಎರಡು ಮೂರು ನಿಮಿಷ ನೆನೆಯಲು ಬಿಡಿ. ಆಮೇಲೆ ಮೆತ್ತನೆಯ ಬ್ರಷ್‌ನಿಂದ ಗ್ರೂವ್ ಹೋಗುವ ದಿಕ್ಕಿನಲ್ಲೇ ಸವರಿ. ಉಗುರು, ಪಿನ್ನು ಹತ್ತಿರ ತರಲೇಬೇಡಿ.

ಗೀರಾದರೆ ಯಾವ ದ್ರಾವಣದಿಂದಲೂ ಹೋಗುವುದಿಲ್ಲ. ಒಂದು ಸೆಂಟಿಮೀಟರ್ ಉದ್ದದ ಅಡ್ಡ ಗೀರು ಹೆಚ್ಚು ಕಡಿಮೆ 80 ಸುತ್ತುಗಳನ್ನು ದಾಟಿರುತ್ತದೆ. ಅಂದರೆ ಎರಡು ನಿಮಿಷಕ್ಕೂ ಜಾಸ್ತಿ ಟಕ್ ಟಕ್. ಅದನ್ನು ಧೂಳು ಅಂದುಕೊಂಡು ಮತ್ತೆ ಮತ್ತೆ ತಿಕ್ಕಿದರೆ ಚೆನ್ನಾಗಿದ್ದ ಗ್ರೂವ್‌ಗಳೂ ಹಾಳಾಗುತ್ತವೆ, ಅಷ್ಟೇ. ಸದ್ದು ಟಕ್ ಅನ್ನದೆ ಧುಪ್, ಧುಪ್ ಅಂತ ಮಂದವಾಗಿದ್ದರೆ ತಟ್ಟೆ ಸೊಟ್ಟಗಾಗಿರಬಹುದು. ಪಕ್ಕದಿಂದ ಬಗ್ಗಿ ನೋಡಿದರೆ ಸೂಜಿ ಏರಿಳಿಯುವುದು ಕಾಣುತ್ತದೆ.

ತಾಳವೇ ಇಲ್ಲದೆ ಅಲ್ಲಲ್ಲಿ ಚಟ್, ಪಟ್ ಅಂತಿದ್ದರೆ ಇನ್ನೊಂದು ಪರೀಕ್ಷೆ. ಹಾಡಿನ ಮೊದಲ ಒಂದು ನಿಮಿಷವನ್ನು ಗಮನವಿಟ್ಟು ಕೇಳಿ, ಸದ್ದು ಯಾವ ಜಾಗದಲ್ಲಿ ಬಂತು ಅಂತ ನೆನಪಿಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಏನನ್ನೂ ಒರೆಸದೆ ಅದೇ ಒಂದು ನಿಮಿಷ ಮತ್ತೆ ನುಡಿಸಿ. ಸದ್ದು ಅದದೇ ಜಾಗದಲ್ಲಿ ಬಂದರೆ ಗ್ರೂವ್‌ನಲ್ಲಿ ಅಂಟಿದ ಕೊಳೆ ಇದೆ, ಇಲ್ಲವೇ ಅಲ್ಲಿ ಏಟು ಬಿದ್ದಿದೆ. ಜಾಗ ಬದಲಾದರೆ ಸಡಿಲ ಧೂಳು ಅಥವಾ ಸ್ಟ್ಯಾಟಿಕ್. ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ ಇದೇ ಅನ್ನುವುದು ನನ್ನ ಅಭಿಪ್ರಾಯ. ಎರಡು ನಿಮಿಷದಲ್ಲಿ ಮುಗಿಯುತ್ತದೆ, ಧೂಳಿದ್ದರೂ ಇಡೀ ಸೈಡ್ ನುಡಿಸಿದಷ್ಟು ಸವೆತ ತಟ್ಟೆಗೆ ಆಗುವುದಿಲ್ಲ.

ಶುರುವಿನಲ್ಲಿ ಚೆನ್ನ, ಕೊನೆಗೆ ಮಂಕು

ಮೊದಲ ಹಾಡು ಸ್ವಚ್ಛವಾಗಿ ಬರುತ್ತದೆ. ಎರಡನೆಯದರಲ್ಲಿ ಯಾಕೋ ಸ್ವಲ್ಪ ಮಂಕು. ಕೊನೆಯದು ಬರುವಷ್ಟರಲ್ಲಿ ಹಾಡುಗಾರರ ಬಾಯಿಗೆ ಬಟ್ಟೆ ಕಟ್ಟಿದಂತೆ, ಕರಕರ ಬೇರೆ. ಇದು ಸೂಜಿಯ ತುದಿಗೆ ಧೂಳಿನ ಉಂಡೆ ಸುತ್ತಿಕೊಂಡಿರುವ ಲಕ್ಷಣ. ಉಂಡೆ ದೊಡ್ಡದಾಗುತ್ತಾ ಹೋದ ಹಾಗೆ ಸೂಜಿ ಗ್ರೂವ್‌ನಿಂದ ಮೇಲೇಳುತ್ತದೆ. ಕೊನೆಗೆ ಜಾರಿ ಪಕ್ಕಕ್ಕೆ ಓಡಲೂಬಹುದು.

ಖಚಿತ ಮಾಡಿಕೊಳ್ಳುವುದು ಸುಲಭ. ಮಂಕಾದ ಕೂಡಲೇ ಕ್ಯೂ ಲಿವರ್‌ನಿಂದ (ಸೂಜಿಯನ್ನು ಏರಿಳಿಸುವ ಸಣ್ಣ ಹಿಡಿ) ಸೂಜಿ ಎತ್ತಿ, ಭೂತಗನ್ನಡಿಯಲ್ಲಿ ನೋಡಿ. ಬೂದು ಬಣ್ಣದ ನಾರು ಕಂಡರೆ ತೆಗೆದು, ಅದೇ ಜಾಗವನ್ನು ಮತ್ತೆ ನುಡಿಸಿ. ಸದ್ದು ತಿಳಿಯಾದರೆ ಉತ್ತರ ಸಿಕ್ಕಿತು. ಸೂಜಿ ಸ್ವಚ್ಛವಾಗಿದ್ದೂ ಕೊನೆಯ ಹಾಡು ಮಾತ್ರ ಕರಕರ ಅಂದರೆ ಅದು ಧೂಳಲ್ಲ. ತಟ್ಟೆಯ ಹೊರ ಅಂಚಿನಲ್ಲಿ ಗ್ರೂವ್ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಓಡುತ್ತದೆ, ಒಳಗೆ ಲೇಬಲ್ ಹತ್ತಿರ ಬಂದಾಗ ಬರೀ 20 ಸೆಂಟಿಮೀಟರ್ ಆಸುಪಾಸು. ಅಷ್ಟೇ ಸಂಗೀತವನ್ನು ಕಮ್ಮಿ ಜಾಗದಲ್ಲಿ ತುರುಕಿರುತ್ತಾರೆ. ಸೂಜಿ ಕೂತಿರುವ ಕಾರ್ಟ್ರಿಡ್ಜ್ ಸ್ವಲ್ಪ ಓರೆಯಾಗಿ ಕೂತಿದ್ದರೂ ಅಲ್ಲಿ ಬಯಲಾಗುತ್ತದೆ. ಆಗ ಬ್ರಷ್ ಬಿಟ್ಟು ಅಲೈನ್‌ಮೆಂಟ್ ಪ್ರೊಟ್ರ್ಯಾಕ್ಟರ್ (ಕಾರ್ಟ್ರಿಡ್ಜ್ ನೆಟ್ಟಗೆ ಕೂರಿಸಲು ಬಳಸುವ ಅಳತೆಪಟ್ಟಿ) ತೆಗೆದುಕೊಳ್ಳಬೇಕು.

ಸೂಜಿ ಶುಚಿ ಮಾಡುವಾಗ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ. ಇಲ್ಲದಿದ್ದರೆ ಬ್ರಷ್ ತಾಗಿದ ಸದ್ದಿಗೆ ಸ್ಪೀಕರ್ ಗುಡುಗುತ್ತದೆ. ಸಣ್ಣ ಸ್ಟೈಲಸ್ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರಿ, ಅಂದರೆ ಟೋನ್‌ಆರ್ಮ್‌ನ (ಸೂಜಿ ಹೊತ್ತ ಉದ್ದ ತೋಳು) ಬುಡದ ಕಡೆಯಿಂದ ಹೆಡ್‌ಶೆಲ್‌ನ (ಕಾರ್ಟ್ರಿಡ್ಜ್ ಕೂರುವ ಅದರ ಮುಂದಿನ ತಲೆ) ತುದಿಯ ಕಡೆಗೆ. ನುಡಿಸುವಾಗ ಗ್ರೂವ್ ಸೂಜಿಯನ್ನು ಎಳೆಯುವುದೂ ಅದೇ ದಿಕ್ಕಿನಲ್ಲಿ, ಹಾಗಾಗಿ ಸೂಜಿ ಅದನ್ನು ತಡೆದುಕೊಳ್ಳುತ್ತದೆ. ಅಡ್ಡಡ್ಡ ಅಥವಾ ಮುಂದಿನಿಂದ ಹಿಂದಕ್ಕೆ ಸವರಿದರೆ ಸೂಜಿ ಹಿಡಿದಿರುವ ಸಪೂರ ಕಡ್ಡಿ ಬಗ್ಗಬಹುದು. ಗಟ್ಟಿ ಕೊಳೆಗೆ ಮೆಲಮೈನ್ ಸ್ಪಾಂಜ್‌ನ ಚೂರು ಒಳ್ಳೆಯದು. ಅದನ್ನು ನಿಂತಿರುವ ಪ್ಲ್ಯಾಟರ್ (ರೆಕಾರ್ಡ್ ಇಡುವ ತಿರುಗುವ ಚಕ್ರ) ಮೇಲೆ ಇಟ್ಟು, ಕ್ಯೂ ಲಿವರ್‌ನಿಂದ ಸೂಜಿಯನ್ನು ನೇರ ಕೆಳಗಿಳಿಸಿ, ನೇರ ಮೇಲೆತ್ತಿ. ಎಳೆಯಬೇಡಿ. ಸೂಜಿ ಶುಚಿ ಮಾಡುವ ಜೆಲ್ ಡಬ್ಬಿಯಾದರೂ ಇದೇ ರೀತಿ. ಸ್ಪಿರಿಟ್ ಸುರಿಯುವ ಅಭ್ಯಾಸ ಬೇಡ. ಅದು ಕಡ್ಡಿಯ ಉದ್ದಕ್ಕೂ ಏರಿ ಅಂಟನ್ನೂ ಒಳಗಿನ ರಬ್ಬರನ್ನೂ ಹಾಳು ಮಾಡಬಹುದು. ಬೆರಳಿಂದ ಮುಟ್ಟುವುದು, ಬಾಯಿಂದ ಊದುವುದು ಎರಡೂ ಬೇಡ.

ಪ್ರತಿ ಸೈಡ್‌ಗೂ ಉಂಡೆ ಕಟ್ಟುತ್ತಿದ್ದರೆ ಸೂಜಿಯನ್ನು ಎಷ್ಟು ತೊಳೆದರೂ ಪ್ರಯೋಜನ ಇಲ್ಲ, ಅಲ್ವಾ? ನಾರು ಎಲ್ಲಿಂದ ಬರುತ್ತಿದೆ ನೋಡಬೇಕು. ಹಳೇ ಕಾಗದದ ಒಳಕವರ್ ಪುಡಿಯಾಗುತ್ತಿರಬಹುದು. ತಟ್ಟೆಯ ಕೆಳಗೆ ಹಾಸಿರುವ ಫೆಲ್ಟ್ ಮ್ಯಾಟ್ ಎಳೆ ಬಿಡುತ್ತಿರಬಹುದು.

ಒರೆಸಿದಷ್ಟೂ ಧೂಳು ಬರುತ್ತಿದೆ

ಈಗಷ್ಟೇ ಒರೆಸಿದ ತಟ್ಟೆಯ ಮೇಲೆ ಐದು ನಿಮಿಷದಲ್ಲಿ ಮತ್ತೆ ಧೂಳು. ಕವರ್‌ನಿಂದ ಎಳೆದಾಗ ಚರಚರ ಸದ್ದು. ತಟ್ಟೆ ಎತ್ತಿದರೆ ಮ್ಯಾಟ್ ಕೂಡ ಜೊತೆಗೆ ಎದ್ದು ಬರುತ್ತದೆ, ಕೈಯ ಕೂದಲು ನಿಮಿರುತ್ತದೆ. ನುಡಿಸುವಾಗ ಒಂದೊಂದು ಸಲ ಜೋರಾಗಿ ಚಟ್ ಅನ್ನುತ್ತದೆ, ಮುಂದಿನ ಸಲ ಆ ಜಾಗದಲ್ಲಿ ಏನೂ ಇರುವುದಿಲ್ಲ. ಇದೆಲ್ಲ ಸ್ಟ್ಯಾಟಿಕ್ ಕೆಲಸ.

ಎಲ್‌ಪಿ ಮಾಡುವುದು ಪಿವಿಸಿಯಿಂದ, ಅಂದರೆ ವಿನೈಲ್ ಪ್ಲಾಸ್ಟಿಕ್‌ನಿಂದ. ಬೇರೆ ವಸ್ತು ತಾಗಿ ಉಜ್ಜಿದರೆ ಅದಕ್ಕೆ ಬಲು ಬೇಗ ವಿದ್ಯುತ್ ಏರುತ್ತದೆ, ಏರಿದ್ದು ಬೇಗ ಇಳಿಯುವುದಿಲ್ಲ. ಗಾಳಿ ಒಣಗಿದಷ್ಟೂ ಇದು ಜಾಸ್ತಿ. ಎಸಿ ಅಥವಾ ಹೀಟರ್ ಹಾಕಿದ ಕೋಣೆಯಲ್ಲಿ ತೊಂದರೆ ಹೆಚ್ಚು ಅನ್ನಿಸಿದರೆ ಕಾರಣ ಅದೇ. ಕೋಣೆಯ ತೇವಾಂಶ 40ರಿಂದ 50 ಶೇಕಡಾ ಇದ್ದರೆ ಅರ್ಧ ತೊಂದರೆ ತಾನಾಗಿ ಹೋಗುತ್ತದೆ.

ಕಾರ್ಬನ್ ಫೈಬರ್ ಬ್ರಷ್ ಇದಕ್ಕೆಂದೇ ಇರುವುದು. ಅದರ ಎಳೆಗಳಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಹಿಡಿಯ ಲೋಹದ ಭಾಗಕ್ಕೆ ಬೆರಳು ತಾಗಿರಬೇಕು. ತಟ್ಟೆ ತಿರುಗುತ್ತಿರುವಾಗ ಎಳೆಗಳ ತುದಿ ಮಾತ್ರ ತಾಗುವಂತೆ ಎರಡು ಮೂರು ಸುತ್ತು ಹಿಡಿಯಿರಿ. ಒತ್ತಬೇಡಿ. ಆಮೇಲೆ ಬ್ರಷ್ಷನ್ನು ಸ್ವಲ್ಪ ಓರೆ ಮಾಡಿ, ಸೇರಿದ ಧೂಳಿನ ಗೆರೆಯನ್ನು ನಿಧಾನವಾಗಿ ಹೊರ ಅಂಚಿನ ಕಡೆ ತಂದು ಎತ್ತಿಬಿಡಿ. ಹೆಚ್ಚಿನವರು ಈ ಕೊನೆಯ ಹಂತವನ್ನು ಅವಸರದಲ್ಲಿ ಮಾಡಿ ಧೂಳನ್ನು ಅಲ್ಲೇ ಬಿಡುತ್ತಾರೆ. ಪ್ರತಿ ಸಲ ಬ್ರಷ್ಷನ್ನೂ ಕೊಡವಬೇಕು.

ಆಂಟಿ-ಸ್ಟ್ಯಾಟಿಕ್ ಗನ್ (ಸ್ಟ್ಯಾಟಿಕ್ ಇಳಿಸುವ ಪಿಸ್ತೂಲಿನಂಥ ಉಪಕರಣ) ಕೂಡ ಕೆಲಸ ಮಾಡುತ್ತದೆ, ಆದರೆ ಟ್ರಿಗರ್ ನಿಧಾನವಾಗಿ ಒತ್ತಿ ನಿಧಾನವಾಗಿ ಬಿಡಬೇಕು. ಫೆಲ್ಟ್ ಮ್ಯಾಟ್ ಇದ್ದರೆ ಕಾರ್ಕ್ ಅಥವಾ ರಬ್ಬರ್ ಮ್ಯಾಟ್ ಹಾಕಿ ನೋಡಿ. ಮ್ಯಾಟ್ ದಪ್ಪ ಬದಲಾದರೆ ಟೋನ್‌ಆರ್ಮ್ ಎತ್ತರವನ್ನೂ ನೋಡಿಕೊಳ್ಳಬೇಕಾಗುತ್ತದೆ. ಕಾಗದದ ಒಳಕವರ್ ತೆಗೆದು ಪಾಲಿಥೀನ್ ಒಳಪದರ ಇರುವ ಆಂಟಿ-ಸ್ಟ್ಯಾಟಿಕ್ ಕವರ್ ಹಾಕಿ. ತಟ್ಟೆಯನ್ನು ಕವರ್‌ನಿಂದ ಸರ್ರನೆ ಎಳೆಯದೆ, ಕವರ್ ಬಾಯಿ ಅಗಲಿಸಿ ಮೆಲ್ಲಗೆ ಜಾರಿಸಿ.

ಗ್ರೂವ್‌ನೊಳಗೆ ಅಂಟಿದ ಕೊಳೆ

ಬ್ರಷ್ ಆಡಿಸಿದ ಮೇಲೂ ಅದದೇ ಜಾಗದಲ್ಲಿ ಚುರುಚುರು ಸದ್ದು ಬಂದರೆ ಒಣ ಶುಚಿಯ ಮಿತಿ ಮುಗಿಯಿತು. ಬೆರಳಿನ ಎಣ್ಣೆ, ಹೊಗೆ, ಹಳೇ ಸ್ಪ್ರೇ ದ್ರಾವಣದ ಪದರ, ಬೂಷ್ಟು, ಇವಕ್ಕೆ ನೀರೇ ಬೇಕು.

ನೀರು ತಗೊಳ್ಳುವ ಮೊದಲು ತಟ್ಟೆ ಯಾವುದು ನೋಡಿಕೊಳ್ಳಿ. ವಿನೈಲ್ ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕೂ ಹಿಂದಿನ 78ರ ತಟ್ಟೆಗಳಲ್ಲಿ ಹೆಚ್ಚಿನವು ಅರಗಿನವು. ಭಾರ ಇರುತ್ತವೆ, ಬಗ್ಗುವುದಿಲ್ಲ, ಬಿದ್ದರೆ ಚೂರಾಗುತ್ತವೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಅಂಥ ತಟ್ಟೆಗೆ ಆಲ್ಕೋಹಾಲ್ ಇರುವ ಯಾವ ದ್ರಾವಣವನ್ನೂ ಹಾಕಬೇಡಿ. ಹಾಕಿದರೆ ಗ್ರೂವ್ ಅಲ್ಲೇ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ನೀರಿನಲ್ಲೂ ಜಾಸ್ತಿ ಹೊತ್ತು ಇಡಬಾರದು.

ವಿನೈಲ್‌ಗೆ ಡಿಸ್ಟಿಲ್ಡ್ ನೀರು, ಅದಕ್ಕೆ ಕೆಲವೇ ಹನಿ ಬಣ್ಣ-ವಾಸನೆ ಇಲ್ಲದ ನಾನ್-ಅಯಾನಿಕ್ ವೆಟ್ಟಿಂಗ್ ಏಜೆಂಟ್. ಹನಿ ಯಾಕೆ ಬೇಕು ಅಂದರೆ, ಬರೀ ನೀರು ಪಿವಿಸಿ ಮೇಲೆ ಮುತ್ತು ಮುತ್ತಾಗಿ ನಿಲ್ಲುತ್ತದೆ, ಅಷ್ಟು ಸಣ್ಣ ಗ್ರೂವ್‌ನೊಳಗೆ ಇಳಿಯುವುದಿಲ್ಲ. ನಲ್ಲಿ ನೀರು ಒಣಗಿದ ಮೇಲೆ ಅದರ ಉಪ್ಪಿನಂಶ ಗ್ರೂವ್‌ನಲ್ಲೇ ಉಳಿಯುತ್ತದೆ, ಹೊಸ ಚಟಪಟಕ್ಕೆ ದಾರಿಯಾಗುತ್ತದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಸುವಾಸನೆ, ಬಣ್ಣ ಎಲ್ಲ ಇರುತ್ತದೆ, ಅದೂ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಬೆರೆಸುವವರು ಬಹಳ ಜನ ಇದ್ದಾರೆ. ಎಣ್ಣೆ ಕಲೆಗೆ ಅದು ನಿಜವಾಗಿ ಸಹಾಯ ಮಾಡುತ್ತದೆ. ಬರೀ ಧೂಳಿಗೆ ಬೇಡ ಅನ್ನುವುದು ನನ್ನ ಮಾತು. ನೀರು ಬಿಸಿ ಇರಲೇಬಾರದು, ತಟ್ಟೆ ಸೊಟ್ಟಗಾಗುತ್ತದೆ.

ಟರ್ನ್‌ಟೇಬಲ್ ಮೇಲೆ ಇಟ್ಟು ತೊಳೆಯಬೇಡಿ. ನಡುವಿನ ಕಡ್ಡಿಯ ಪಕ್ಕದಿಂದ ನೀರು ಇಳಿದು ಬೇರಿಂಗ್ ಸೇರುತ್ತದೆ. ಸ್ವಚ್ಛ ಮೆತ್ತನೆಯ ಬಟ್ಟೆ ಹಾಸಿ ಅದರ ಮೇಲೆ ತಟ್ಟೆ ಇಡಿ. ಮೊದಲು ಕಾರ್ಬನ್ ಬ್ರಷ್‌ನಿಂದ ಸಡಿಲ ಧೂಳು ತೆಗೆಯಿರಿ, ಇಲ್ಲದಿದ್ದರೆ ಅದು ಕೆಸರಾಗುತ್ತದೆ. ಲೇಬಲ್ ನೆನೆಯದಂತೆ ದ್ರಾವಣ ಹಾಕಿ, ಒಂದು ನಿಮಿಷ ಬಿಟ್ಟು, ಮೆತ್ತನೆಯ ಬ್ರಷ್‌ನಿಂದ ಗ್ರೂವ್ ದಿಕ್ಕಿನಲ್ಲೇ ಸುತ್ತ ಸವರಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ. ಈ ಎರಡನೇ ಸುತ್ತು ಬಿಟ್ಟರೆ ಬಿಡಿಸಿಕೊಂಡ ಕೊಳೆ ಮತ್ತೆ ಅಲ್ಲೇ ಒಣಗುತ್ತದೆ. ಮೈಕ್ರೊಫೈಬರ್ ಬಟ್ಟೆಯಲ್ಲಿ ನೀರನ್ನು ಒತ್ತಿ ಹೀರಿಸಿ, ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಪೂರ್ತಿ ಒಣಗಲು ಬಿಡಿ. ಒದ್ದೆ ತಟ್ಟೆಯನ್ನು ನುಡಿಸಬೇಡಿ. ಹಳೇ ಒಳಕವರ್‌ಗೆ ಮತ್ತೆ ಹಾಕಬೇಡಿ, ಅದರೊಳಗಿನ ಧೂಳು ಕಾದು ಕೂತಿರುತ್ತದೆ.

ತೊಳೆದ ಮೇಲೆ ಮೊದಲ ಸಲ ಸದ್ದು ಜಾಸ್ತಿ ಆಯಿತು ಅಂತ ಗಾಬರಿಯಾಗಬೇಡಿ. ಸಡಿಲಗೊಂಡ ಕೊಳೆಯನ್ನು ಸೂಜಿ ಹೊರಗೆ ತರುತ್ತಿರುತ್ತದೆ. ಸೂಜಿ ಶುಚಿ ಮಾಡಿ ಎರಡನೇ ಸಲ ನುಡಿಸಿ, ಆಮೇಲೆ ತೀರ್ಮಾನ ಮಾಡಿ. ಬೂಷ್ಟು ವಾಸನೆ ಬರುವ ತಟ್ಟೆಗಳನ್ನು ಉಳಿದವುಗಳಿಂದ ದೂರ ಇಡಿ. ಅವನ್ನು ತೊಳೆದ ಬ್ರಷ್ಷನ್ನು ಬೇರೆ ತಟ್ಟೆಗೆ ಬಳಸಬೇಡಿ.

ಮರದ ಅಂಟು ಬಳಿದು ಸಿಪ್ಪೆಯಂತೆ ಸುಲಿಯುವ ವಿಧಾನದ ಬಗ್ಗೆ ಬಹಳ ಜನ ಕೇಳುತ್ತಾರೆ. ಕೆಲಸ ಮಾಡುವುದುಂಟು. ಆದರೆ ಅಂಟು ಎಲ್ಲಾದರೂ ತೆಳುವಾಗಿ ಹರಿದು ಉಳಿದರೆ ತೆಗೆಯಲು ಕಷ್ಟ. ಇನ್ನೊಂದು ಪ್ರತಿ ಸಿಗದ ತಟ್ಟೆಗೆ ಖಂಡಿತ ಬೇಡ.

ಧೂಳಲ್ಲದ ಸದ್ದುಗಳು

ತಟ್ಟೆ ನಿಲ್ಲಿಸಿ, ಸೂಜಿ ಎತ್ತಿ, ವಾಲ್ಯೂಮ್ ನಾಬ್ ತಿರುಗಿಸಿ. ಆಗಲೂ ಕರಕರ ಬಂದರೆ ಧೂಳು ರೆಕಾರ್ಡ್‌ನಲ್ಲಿಲ್ಲ, ನಾಬ್‌ನ ಒಳಗಿದೆ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಸತತವಾಗಿ ಗುಂಯ್ ಅಂತಿದ್ದರೆ ಅರ್ತ್ ವೈರ್ ಸರಿಯಾಗಿ ಕೂತಿದೆಯಾ ನೋಡಿ.

ಒಂದೇ ಸ್ಪೀಕರ್‌ನಲ್ಲಿ ತೊಂದರೆ ಇದ್ದರೆ ಆಂಪ್ಲಿಫೈಯರ್ ಹಿಂದೆ ಎಡ-ಬಲ ಪ್ಲಗ್‌ಗಳನ್ನು ಅದಲು ಬದಲು ಮಾಡಿ. ತೊಂದರೆ ಇನ್ನೊಂದು ಸ್ಪೀಕರ್‌ಗೆ ಹೋದರೆ ಅದು ಟರ್ನ್‌ಟೇಬಲ್ ಕಡೆಯದು. ಹೆಡ್‌ಶೆಲ್‌ನ ಪಿನ್ನುಗಳ ಮೇಲೆ ಕೊಳೆ ಕೂತಿರುತ್ತದೆ ಎಷ್ಟೋ ಸಲ. ಅಲ್ಲೇ ಉಳಿದರೆ ಆಂಪ್ಲಿಫೈಯರ್ ಅಥವಾ ಸ್ಪೀಕರ್. ಸ್ಟೀರಿಯೋ ಗ್ರೂವ್‌ನಲ್ಲಿ ಒಳಗೋಡೆ ಎಡ ಚಾನೆಲ್, ಹೊರಗೋಡೆ ಬಲ ಚಾನೆಲ್. ಜೋರು ಭಾಗಗಳಲ್ಲಿ ಬಲ ಚಾನೆಲ್ ಮಾತ್ರ ಒಡೆದಂತೆ ಕೇಳಿದರೆ ಆಂಟಿ-ಸ್ಕೇಟ್ (ಟೋನ್‌ಆರ್ಮ್ ಒಳಕ್ಕೆ ಎಳೆಯುವುದನ್ನು ತಡೆಯುವ ಸೆಟ್ಟಿಂಗ್) ಕಮ್ಮಿ ಇದ್ದು ಸೂಜಿ ಒಳಗೋಡೆಗೆ ವಾಲುತ್ತಿರಬಹುದು.

"ಸ", "ಶ" ಅಕ್ಷರಗಳೆಲ್ಲ ಎಲ್ಲಾ ತಟ್ಟೆಗಳಲ್ಲೂ ಸೀಳಿದಂತೆ ಬಂದರೆ ಸೂಜಿಯ ಕಡೆ ನೋಡಿ. ಭಾರವನ್ನು ಗೇಜ್‌ನಲ್ಲಿ ಅಳೆಯಿರಿ. ಬಹಳಷ್ಟು ಕಾರ್ಟ್ರಿಡ್ಜ್‌ಗಳಿಗೆ 1.5ರಿಂದ 2.5 ಗ್ರಾಂ ಒಳಗೆ ಇರುತ್ತದೆ, ನಿಮ್ಮದಕ್ಕೆ ತಯಾರಕರು ಹೇಳಿದ ಅಂಕಿಯೇ ಸರಿ. ಭಾರ ಕಮ್ಮಿ ಇಟ್ಟರೆ ತಟ್ಟೆಗೆ ಒಳ್ಳೆಯದು ಅನ್ನುವ ನಂಬಿಕೆ ತಪ್ಪು. ಹಗುರವಾದ ಸೂಜಿ ಗ್ರೂವ್‌ನಲ್ಲಿ ಕುಣಿದು ಗೋಡೆಗಳಿಗೆ ಬಡಿಯುತ್ತದೆ. ಭಾರ ಸರಿ ಇದ್ದೂ ಸದ್ದು ಹಾಗೇ ಇದ್ದರೆ ಸೂಜಿ ಸವೆದಿರಬಹುದು. ಆಕಾರ ನೋಡಿಕೊಂಡು ತಯಾರಕರು ಹೇಳುವ ಆಯುಷ್ಯ ಕೆಲವು ನೂರು ಗಂಟೆಗಳಿಂದ ಸಾವಿರ ಗಂಟೆಯವರೆಗೆ ಇರುತ್ತದೆ.

ಟರ್ನ್‌ಟೇಬಲ್ ಕಡೆಯಿಂದ

ಮುಚ್ಚಳವನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಅದಕ್ಕೂ ಸ್ಟ್ಯಾಟಿಕ್ ಏರುತ್ತದೆ, ಮೇಲಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಸ್ವಲ್ಪ ಒದ್ದೆ ಬಟ್ಟೆ ಸಾಕು. ಮ್ಯಾಟ್ ಶುಚಿ ಇಲ್ಲದಿದ್ದರೆ ತಟ್ಟೆಯ ಒಂದು ಸೈಡ್ ನುಡಿಯುವಾಗ ಇನ್ನೊಂದು ಸೈಡ್ ಕೊಳೆ ಹಿಡಿಯುತ್ತಿರುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ. ಸದ್ದಿನ ಶ್ರುತಿ ಅಲ್ಲಾಡುತ್ತಿದ್ದರೆ ಪ್ಲ್ಯಾಟರ್ ಎತ್ತಿ ಬೆಲ್ಟ್ ನೋಡಿ. ಪುಲ್ಲಿಯನ್ನು ಐಸೊಪ್ರೊಪೈಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಬೆಲ್ಟ್ ಸಡಿಲವಾಗಿದ್ದರೆ ಬದಲಿಸಿ. ಬೇರಿಂಗ್‌ನ ಎಣ್ಣೆಯನ್ನು ಕೊಳೆ ಅಂದುಕೊಂಡು ಒರೆಸಿ ತೆಗೆಯಬೇಡಿ.

ತೊಳೆದ ಮೇಲೂ ಹೋಗದಿದ್ದರೆ

ಹಳೇ ಮೊನೊ (ಒಂದೇ ಚಾನೆಲ್‌ನ) ತಟ್ಟೆಯಾದರೆ ಆಂಪ್ಲಿಫೈಯರಿನ ಮೊನೊ ಬಟನ್ ಒತ್ತಿ ನೋಡಿ. ಮೊನೊ ಗ್ರೂವ್‌ನಲ್ಲಿ ಸಂಗೀತ ಅಡ್ಡಡ್ಡ ಚಲನೆಯಲ್ಲಿ ಮಾತ್ರ ಇರುತ್ತದೆ. ಸ್ಟೀರಿಯೋ ಕಾರ್ಟ್ರಿಡ್ಜ್ ಮೇಲೆ-ಕೆಳಗಿನ ಚಲನೆಯನ್ನೂ ಓದುತ್ತದೆ, ಅದರಲ್ಲಿರುವುದು ಬರೀ ಗದ್ದಲ. ಬಟನ್ ಒತ್ತಿದರೆ ಅದು ರದ್ದಾಗಿ ಚಟಪಟ ಎದ್ದು ಕಾಣುವಷ್ಟು ಇಳಿಯುತ್ತದೆ.

ಹೊಸ ತಟ್ಟೆಯಲ್ಲಿ ಬಟ್ಟೆ ಹರಿದಂಥ ಬರ್ರ್ ಸದ್ದು, ಅದೂ ಒಂದು ಚಾನೆಲ್‌ನಲ್ಲಿ ಜಾಸ್ತಿ ಬಂದರೆ, ಪ್ರೆಸ್ ಮಾಡುವಾಗ ವಿನೈಲ್ ಅಚ್ಚಿನೊಳಗೆ ಪೂರ್ತಿ ತುಂಬಿಕೊಂಡಿಲ್ಲ ಅಂತ ಅರ್ಥ. ತೊಳೆದು ಉಪಯೋಗವಿಲ್ಲ, ಬಿಲ್ ಹಿಡಿದು ವಾಪಸ್ ಕೊಡಿ.

ಹಳೆಯದರಲ್ಲಿ ಜೋರು ಭಾಗಗಳು ಮಾತ್ರ ಒಡೆದು ಕೇಳಿ, ಮೆಲುವಾದ ಭಾಗಗಳು ಚೆನ್ನಾಗಿದ್ದರೆ ಗ್ರೂವ್ ಸವೆದಿದೆ. ಆಗಲೂ ಒಂದು ಪ್ರಯತ್ನ ಉಳಿದಿದೆ. ಸೂಜಿಯ ಆಕಾರ ಬದಲಿಸಿದರೆ ಅದು ಗೋಡೆಯ ಬೇರೆ ಎತ್ತರವನ್ನು ಓದುತ್ತದೆ. ದುಂಡು ತುದಿಯ ಸೂಜಿ ಸವೆಸಿದ ಪಟ್ಟಿಯನ್ನು ಬಿಟ್ಟು, ಸಪೂರ ತುದಿಯ ಫೈನ್ ಲೈನ್ ಸೂಜಿ ಹಾಳಾಗದ ಜಾಗವನ್ನು ಹಿಡಿಯುವುದುಂಟು. ಬೇರೆ ಸೂಜಿ ಇರುವ ಸ್ನೇಹಿತರ ಟರ್ನ್‌ಟೇಬಲ್‌ನಲ್ಲಿ ಒಮ್ಮೆ ಹಾಕಿ ಕೇಳಿ, ಆಮೇಲೆ ಹೊಸದಕ್ಕೆ ದುಡ್ಡು ಹಾಕಿ. ಅಲ್ಲೂ ಅದೇ ಥರ ಕೇಳಿದರೆ ಆ ತಟ್ಟೆಯನ್ನು ತಿಕ್ಕುವುದು ನಿಲ್ಲಿಸಿ, ಇನ್ನೊಂದು ಪ್ರತಿ ಹುಡುಕಿ.